ಅತ್ತಿಯವರ ಪಾಸ್‌ಬುಕ್ಕು, ನಿಷ್ಕ್ರಿಯ ಅನ್ನೋ ಶಬ್ದ

ನಮ್ಮ ಅತ್ತಿಯವರ ಎಡಗಣ್ಣಿಗೆ ಮೋತಿಬಿಂದು ಬಲಿತದ ಅಂತ ಡಾಕ್ಟರು ಹೇಳಿ ಎರಡು ತಿಂಗಳಾಯ್ತು. ಖರ್ಚು ನಾ ಕೊಡ್ತೇನಿ ಅಂತ ನಮ್ಮ ಮನಿಯವರು ಅಂದ್ರು. ಅತ್ತಿಯವರು ಬಿಲ್ಕುಲ್ ಒಪ್ಪಲಿಲ್ಲ. "ಕಣ್ಣು ನಂದು, ರೊಕ್ಕಾನೂ ನಂದ ಇರ್ಲಿ. ನನ್ನ ಪಾಸ್‌ಬುಕ್ಕಿನ್ಯಾಗ ಅದ" ಅಂತ ಹಟಾ ಹಿಡದ್ರು.

ಆ ರೊಕ್ಕದ ಕಥಿ ನಿಮ್ಮೊಳಗ ಭಾಳ ಮಂದಿಗೆ ಗೊತ್ತದ. ಅವರ ಕೈಯಿಂದ ಹಪ್ಪಳ, ಸಂಡಿಗಿ, ಶ್ಯಾವಿಗಿ, ಶೇಂಗಾ ಚಟ್ನಿಪುಡಿ ತೊಗೊಂಡವರ ನೀವು. ಬ್ಯಾಸಿಗಿ ಬಂತಂದ್ರ ಮಾಳಗಿ ತುಂಬ ಧೋತ್ರ ಹಾಸಿ ಹಪ್ಪಳ ಒಣಗಸ್ತಿದ್ರು, ನಾವು ಕಾಗಿ ಕಾಯಕೋತ ಕೂಡತಿದ್ವಿ. ಬಂದ ಐವತ್ತು ನೂರು ರೂಪಾಯಿ ಸಾಸ್ವಿ ಡಬ್ಬಿಯೊಳಗ ಕೂಡಿಸಿ, ಐನೂರು ಆದಕೂಡ್ಲೆ ತಾವ ನಡಕೊಂಡು ಹೋಗಿ ಬ್ಯಾಂಕಿನ್ಯಾಗ ತುಂಬಿ ಬರ್ತಿದ್ರು. ಹಂಗ ಕೂಡಿದ್ದು 43 ಸಾವಿರ. ಮಾವನವರು ಹೋದ ಮ್ಯಾಲೆ ಮೊಣಕಾಲು ಹಿಡಕೊಂಡು ಆ ಕಡೆ ಹೋಗೋದು ನಿಂತಿತ್ತು, ಅಷ್ಟ.

ಹಿಂಗಾಗಿ ನಾನ ಆಟೋದಾಗ ಕರಕೊಂಡು ಹೋದೆ. ಕೌಂಟರಿನ ಹುಡುಗ ಪಾಸ್‌ಬುಕ್ ತಿರುವಿ, ಕಂಪ್ಯೂಟರ್ ನೋಡಿ, "ಅಜ್ಜಿ, ನಿಮ್ಮ ಅಕೌಂಟ್ ಇನ್‌ಆಪರೇಟಿವ್ ಆಗೇದ್ರಿ" ಅಂದಾ. ಅತ್ತಿಯವರಿಗೆ ಕಿವಿ ಸ್ವಲ್ಪ ಮಂದ. "ಆಪರೇಷನ್ ಇನ್ನೂ ಆಗಿಲ್ಲಪಾ, ಅದರ ಸಲುವಾಗೇ ರೊಕ್ಕ ಬೇಕಾಗೇದ" ಅಂದ್ರು. ಸಾಲಿನ್ಯಾಗ ನಿಂತವರೆಲ್ಲಾ ನಕ್ಕರು, ಸುಳ್ಳ ಯಾಕ ಹೇಳ್ಲಿ, ನಾನೂ ನಕ್ಕೆ. ಆ ಹುಡುಗ ಕನ್ನಡದಾಗ ತಿಳಿಸಿ ಹೇಳ್ಬೇಕಂತ ದನಿ ಏರಿಸಿ, "ನಿಷ್ಕ್ರಿಯ ಅಜ್ಜಿ, ನಿಷ್ಕ್ರಿಯ!" ಅಂದಾ. ಆಗ ನಗು ನಿಂತಿತು.

ಮನಿಗೆ ಬರೋತನಕ ಅವರು ಪಿಟ್ ಅನ್ನಲಿಲ್ಲ. ರಾತ್ರಿ ಹಾಲು ಕೊಡ್ಲಿಕ್ಕೆ ಹೋದಾಗ ಕೇಳಿದ್ರು, "ಏನಂದಾ ಅವಾ ನನಗ?"

"ನಿಮಗಲ್ರೀ ಅತ್ಯಾ, ಖಾತೆಕ್ಕ."

"ಖಾತೆ ಯಾರ ಹೆಸರಿನ್ಯಾಗ ಅದ?"

ನನ್ನ ಕಡೆ ಉತ್ತರ ಇರ್ಲಿಲ್ಲ.

ಈಗ ಬ್ಯಾಂಕಿನ ಪರವಾಗಿ ಹೇಳೋದನ್ನೂ ಹೇಳಿಬಿಡ್ತೇನಿ, ಇಲ್ಲಂದ್ರ ನಮ್ಮ ನಾದಿನಿ ನನ್ನ ಮ್ಯಾಲೆ ಬೀಳ್ತಾಳ. ನಾವಾಗಿ ಒಂದು ರೂಪಾಯಿ ಹಾಕದ, ತಗೀದ ಎರಡು ವರ್ಷ ದಾಟಿದ್ರ ಉಳಿತಾಯ ಖಾತೆಕ್ಕ ಈ ಚೀಟಿ ಹಚ್ಚತಾರ. ಅವರು ಬಡ್ಡಿ ಜಮಾ ಮಾಡಿದ್ದು, ಚಾರ್ಜ್ ಕಟ್ ಮಾಡಿದ್ದು ಲೆಕ್ಕಕ್ಕ ಬರೂದಿಲ್ಲ. ಇದು ಖಾತೆದಾರರ ಕಾವಲಿಗೇ ಮಾಡಿದ್ದು. ಯಾರೂ ನೋಡಲಾರದ ಖಾತೆಕ್ಕ ಕಳ್ಳರು ಲಗೂನ ಕೈ ಹಾಕ್ತಾರ, ಒಳಗಿನವರು ಇರ್ಲಿ ಹೊರಗಿನವರು ಇರ್ಲಿ. ಮನಿ ಬಿಟ್ಟು ಊರಿಗೆ ಹೋಗೋ ಮುಂದ ಕೀಲಿ ಹಾಕಿ ಹೋಗೂದಿಲ್ಲೇನು, ಹಂಗ. ನಾ ಇದಕ್ಕ ಏನೂ ಅನ್ನೂದಿಲ್ಲ.

ನನ್ನ ಸಿಟ್ಟು ಎರಡ. ಒಂದು, ಆ ಶಬ್ದ. 'ಕೀಲಿ ಹಾಕೇವಿ' ಅಂತ ಬರದ್ರ ಏನ ಕಡಿಮಿ ಆಗ್ತಿತ್ತು? ಎಂಬತ್ತಕ್ಕ ಬಂದ ಹೆಣ್ಣಮಗಳ ಮುಂದ, ಇನ್ನೂ ಮುಂಜಾನೆ ಐದಕ್ಕ ಎದ್ದು ಬತ್ತಿ ಹೊಸೆಯೋರ ಮುಂದ, ಆ ಶಬ್ದ ಒದರೋದು ಅಂದ್ರ ಹೆಂಗಾಗಬೇಕು. ನಮ್ಮ ನಾದಿನಿ ಅಂತಾಳ, "ವೈನಿ, ಅದು ಕಂಪ್ಯೂಟರಿನ ಗುರುತು, ಮನಸಿಗೆ ಯಾಕ ಹಚ್ಕೋತೀರಿ." ಆದ್ರ ನಮ್ಮ ಹೆಣ್ಣಮಕ್ಕಳಿಗೆ ಈ ಗುರುತು ಒಂದ ಕಡೆ ಬೀಳೂದಿಲ್ಲ ನೋಡ್ರಿ. 2011ರ ಜನಗಣತಿಯೊಳಗ ಬರೇ ಮನಿಕೆಲಸ ಮಾಡೋರನ್ನ ಯಾವ ಗುಂಪಿನ್ಯಾಗ ಹಾಕಿದ್ರು ಗೊತ್ತದ ಏನು? ನಾನ್-ವರ್ಕರ್, ಅಂದ್ರ ಕೆಲಸ ಇಲ್ಲದವರು. ನಾನೂ ಅದರಾಗ, ನೀವೂ ಅದರಾಗ. ಮೂರು ಹೊತ್ತು ಅಡಿಗಿ, ಮಾವನವರ ಹಾಸಿಗಿ ಸೇವಾ, ಮಕ್ಕಳ ಸಾಲಿ, ಎಲ್ಲಾ ಕೂಡಿ ಕೆಲಸ ಇಲ್ಲ.

ಬ್ಯಾಂಕಿನ ಅರ್ಜಿಯೊಳಗೂ ಅದ ಹಾಡು. ಮರುದಿವಸ ಖಾತೆ ಚಾಲೂ ಮಾಡಸ್ಲಿಕ್ಕೆ ಹೋದಾಗ ಉದ್ಯೋಗ ಅಂತ ಇದ್ದಲ್ಲೆ ನಾ 'ಗೃಹಿಣಿ' ಬರದೆ. ವಾರ್ಷಿಕ ಆದಾಯ ಅಂತ ಇತ್ತು, ಅದಕ್ಕ 'ಇಲ್ಲ' ಅಂತ ಬರೀಲಿಕ್ಕೆ ಹೊಂಟಿದ್ದೆ. ಅತ್ತಿಯವರು ಪೆನ್ನು ಹಿಡದ್ರು. "ಆ 43 ಸಾವಿರ ಮ್ಯಾಲಿಂದ ಉದರಿತೇನು?" ಅಂದ್ರು.

ಪಾಯರಿ ಹಚ್ಚೋದು ಅಂದ್ರ ರೇಷನ್ ಕಾರ್ಡೂ ನೆನಪಾಗತದ. 2013ರ ಆಹಾರ ಭದ್ರತಾ ಕಾಯ್ದೆಯೊಳಗ, 18 ದಾಟಿದ ಹೆಣ್ಣಮಕ್ಕಳೊಳಗ ಎಲ್ಲಾರಕಿಂತ ಹಿರೇರ ಹೆಸರಿಗೆ ಮನಿ ಮುಖ್ಯಸ್ಥೆ ಅಂತ ಕಾರ್ಡ್ ಮಾಡಬೇಕು ಅಂತದ. ಹತ್ತು ವರ್ಷ ಆ ಸಾಲು ಯಾರೂ ಓದಿರ್ಲಿಲ್ಲ. 2023ರಾಗ ಗೃಹಲಕ್ಷ್ಮಿ ಬಂತು, ಯಜಮಾನಿಗೆ ತಿಂಗಳಿಗೆ 2 ಸಾವಿರ ಅಂದ್ರು, ಆಗ ಓಣಿ ತುಂಬ ಕಾರ್ಡು ಹೊರಗ ಬಂದ್ವು. ಅತ್ತಿ ಮ್ಯಾಲೋ ಸೊಸಿ ಮ್ಯಾಲೋ ಅಂತ ಎರಡು ಮನ್ಯಾಗ ಒಲಿ ಬ್ಯಾರೆ ಆಗೋತನಕ ಹೋತು. ಗುರುತು ಕಾಗದದ ಮ್ಯಾಲೆ ಅಷ್ಟ ಇರತದ ಅನ್ನೋರು ಆ ಮನಿಗೆ ಹೋಗಿ ಕೇಳ್ರಿ. ಆದ್ರ ಅದ ಗುರುತಿನಿಂದ, ಹುಟ್ಟಾ ತಮ್ಮ ಹೆಸರಿನ್ಯಾಗ ಏನೂ ಇರಲಾರದವರು ಮೊದಲನೇ ಸಲ ತಾವ ಬ್ಯಾಂಕಿಗೆ ಹೋದದ್ದನ್ನೂ ನಾ ನೋಡೇನಿ. ಹಿಂಗಾಗಿ ಗುರುತೇ ಬ್ಯಾಡ ಅಂತ ನಾ ಅನ್ಲಿಕ್ಕೆ ಬರೂದಿಲ್ಲ.

ನನ್ನ ಎರಡನೇ ಸಿಟ್ಟು ಬ್ಯಾಂಕಿನ ಮ್ಯಾಲೆ ಅಲ್ಲ, ನಮ್ಮ ಮ್ಯಾಲೇ. ಮನ್ಯಾಗ ಗಂಡಸರ ಖಾತೆ ಎಂದರೆ ಮಲಗೇದ ಏನು? ಪಗಾರ, ಕರೆಂಟ್ ಬಿಲ್, ಸಾಲದ ಕಂತು, ದಿನಾ ಟಣ್ ಅಂತ ಮೆಸೇಜ್. ನಮ್ಮದು ಮಾತ್ರ ಗೋದ್ರೇಜ್ ಕಪಾಟಿನ್ಯಾಗ ರೇಷ್ಮಿ ಸೀರಿ ಕೆಳಗ. "ಇರ್ಲಿ ಬಿಡು, ಕಷ್ಟಕಾಲಕ್ಕ ಬರತದ" ಅಂತೇವಿ. ಕಷ್ಟಕಾಲ ಬಂದ ದಿನ ಕೌಂಟರಿನ್ಯಾಗ ಹುಡುಗ ನಿಷ್ಕ್ರಿಯ ಅಂತಾನ. ನಾನೂ ಮನಿಗೆ ಬಂದು ನನ್ನ ಪಾಸ್‌ಬುಕ್ ತಗದು ನೋಡಿದೆ. ಕಡೀದ ಎಂಟ್ರಿ ಆಗಿ ಇಪ್ಪತ್ತೊಂದು ತಿಂಗಳು. ಅತ್ತಿಯವರನ್ನ ನೋಡಿ ನಕ್ಕಿದ್ದೆನಲ್ಲಾ, ನನಗೂ ಮೂರ ತಿಂಗಳ ಉಳದಿತ್ತು.

ನಿಮ್ಮದೂ ಹಂಗ ಆಗಿದ್ರ ಹೆದರಬ್ಯಾಡ್ರಿ. ರೊಕ್ಕ ಎಲ್ಲೂ ಹೋಗಿರೂದಿಲ್ಲ, ಬಡ್ಡಿ ಬರಕೋತನ ಇರತದ. ಮತ್ತ ಚಾಲೂ ಮಾಡ್ಲಿಕ್ಕೆ ಚಾರ್ಜ್ ತೊಗೋಬಾರದು, ಕನಿಷ್ಠ ಬ್ಯಾಲೆನ್ಸ್ ಇಲ್ಲಂತ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕಿನ ಆದೇಶ ಅದ, 2024ರ ಏಪ್ರಿಲ್ 1ರಿಂದ. ಖಾತೆ ಇರೋ ಶಾಖಾಕ್ಕ ಹೋಗಬೇಕಂತಿಲ್ಲ, ಅದ ಬ್ಯಾಂಕಿನ ಯಾವ ಶಾಖಾ ಆದ್ರೂ ನಡೀತದ. ಹತ್ತು ವರ್ಷ ದಾಟಿದ್ರ ರೊಕ್ಕ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗತದ, ಆದ್ರೂ ಕೇಳಿದ್ರ ನಮ್ಮ ಬ್ಯಾಂಕ್ ವಾಪಸ್ ಕೊಡಬೇಕು. ತವರುಮನಿ ಊರಾಗ, ಲಗ್ನಕ್ಕ ಮೊದಲು ಅಪ್ಪ ತಗಿಸಿದ್ದ ಖಾತೆ ಮರತದ್ದಿದ್ರ ಉದ್ಗಮ್ ಅಂತ ರಿಸರ್ವ್ ಬ್ಯಾಂಕಿನ ವೆಬ್‌ಸೈಟ್ ಅದ, ಮಕ್ಕಳ ಕಡೆ ಹುಡಕಸ್ರಿ. ಹಳೇ ಹೆಸರು ಹೇಳೋದು ಮರೀಬ್ಯಾಡ್ರಿ, ಲಗ್ನದಾಗ ಅಕ್ಕಿಯೊಳಗ ಬರದ ಹೆಸರು ಆ ಖಾತೆಕ್ಕ ಗೊತ್ತಿರೂದಿಲ್ಲ.

ಎಪ್ಪತ್ತು ದಾಟಿದವರಿಗೆ ಬ್ಯಾಂಕಿನವರ ಮನಿಗೆ ಬಂದು ಸೇವಾ ಕೊಡಬೇಕಂತ 2017ರಾಗೇ ಹೇಳ್ಯಾರ. ನಮಗ ಯಾರೂ ಹೇಳಿರ್ಲಿಲ್ಲ. ಅಲ್ಲೇ ಗಾಜಿನ ಬಾಗಲದ ಒಳಗ 'ವಿಶೇಷ ಗ್ರಾಹಕರು' ಅಂತ ಬೋರ್ಡು, ಸೋಫಾ, ತಣ್ಣನೆ ಗಾಳಿ. ಮೂವತ್ತು ವರ್ಷದ ಗ್ರಾಹಕರು ಹೊರಗ ಕಂಬಕ್ಕ ಆತು ನಿಂತಿದ್ರು.

ಖಾತೆ ಚಾಲೂ ಆತು. ಅತ್ತಿಯವರು ಸಹಿ ಮಾಡಿ, ರೊಕ್ಕ ತೊಗೊಂಡು, ನೋಟು ಎರಡು ಸರ್ತೆ ಎಣಿಸಿ, ಅದರಾಗಿಂದ ನೂರು ರೂಪಾಯಿ ತಿರುಗಿ ಅಲ್ಲೇ ತುಂಬಿದ್ರು. ಯಾಕ ಅಂದ್ರ, "ಅವಾ ಮತ್ತ ಹಂಗ ಅನ್ನಬಾರದು" ಅಂದ್ರು.

ಬರೋ ಗುರುವಾರ ಹನ್ನೊಂದಕ್ಕ ನಾ ನನ್ನ ಪಾಸ್‌ಬುಕ್ ತೊಗೊಂಡು ಹೊಂಟೇನಿ. ನಮ್ಮ ನಾದಿನೀನೂ ಬರ್ತೇನಿ ಅಂದಾಳ, ಆಕಿದು ಐದು ವರ್ಷ ಆಗೇದಂತ. ಬರೋರಿದ್ರ ಆಧಾರ್, ಪ್ಯಾನ್, ಎರಡು ಫೋಟೋ ಹಿಡಕೊಂಡು ನಮ್ಮ ಕಟ್ಟಿಗೆ ಬರ್ರಿ, ಚಹಾ ಕುಡದ ಹೋಗೋಣು.