ಕೊನೆಯ ಸಾಲಿಗೆ ಕಾಣಬೇಕಾದ ಅಕ್ಷರ

ಕರ್ನಾಟಕದ 177 ತಾಲ್ಲೂಕುಗಳ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯ ಹೆಸರನ್ನು ನಮ್ಮ ವಾಚಕರು ಕೇಳಿಯೇ ಇರುತ್ತಾರೆ. ಈ ಶತಮಾನದ ಮೊದಲ ವರ್ಷಗಳಲ್ಲಿ ತಾಲ್ಲೂಕು ಕಚೇರಿಗಳಲ್ಲಿ ಅದರ ಕೇಂದ್ರಗಳು ತೆರೆದಾಗ ಅಲ್ಲಿ ಒಂದು ಚಿಕ್ಕ ಏರ್ಪಾಡನ್ನು ಮಾಡಿದ್ದರು. ನೌಕರನ ಮುಂದೆ ಇರುವ ತೆರೆಯಲ್ಲದೆ, ಅರ್ಜಿ ಹಿಡಿದು ಬಂದ ರೈತನ ಕಡೆಗೆ ಮುಖಮಾಡಿದ ಎರಡನೆಯ ತೆರೆಯೊಂದನ್ನು ಇಟ್ಟಿದ್ದರು. ತನ್ನ ಜಮೀನಿನ ಲೆಕ್ಕದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಅವನು ಕಣ್ಣಾರೆ ಕಾಣಲಿ ಎಂಬುದೇ ಅದರ ಉದ್ದೇಶ. ಜನಕ್ಕೆ ಕಂಪ್ಯೂಟರನ್ನು ಕಲಿಸಹೊರಡುವವರೆಲ್ಲರೂ ಈ ಎರಡನೆಯ ತೆರೆಯನ್ನು ನೆನಪಿನಲ್ಲಿಡತಕ್ಕದ್ದು. ಕಲಿಸುವವನಿಗೆ ಮಾತ್ರ ಕಾಣುವ ತೆರೆಯಿಂದ ಯಾರೂ ಏನನ್ನೂ ಕಲಿಯಲಾರರು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಪಹಣಿ, ಪಿಂಚಣಿ, ಬ್ಯಾಂಕಿನ ಲೆಕ್ಕ, ಮಕ್ಕಳ ವಿದ್ಯಾರ್ಥಿವೇತನ, ಎಲ್ಲವೂ ಇಂದು ತೆರೆಯ ಮೇಲೆಯೇ ಬರುತ್ತವೆ. ಗ್ರಾಮವಾಸಿಗಳಿಗೆ 20 ಗಂಟೆಗಳ ಪಾಠವನ್ನು ಕೊಡಲೆಂದು ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ಡಿಜಿಟಲ್ ಸಾಕ್ಷರತಾ ಅಭಿಯಾನವು 2024ರಲ್ಲಿ ಮುಗಿಯಿತು. ಆದರೆ ಅದರ ಅಗತ್ಯವು ಮುಗಿಯಲಿಲ್ಲ. ರಜೆಯಲ್ಲಿ ಊರಿಗೆ ಬಂದ ಕಾಲೇಜು ವಿದ್ಯಾರ್ಥಿಗಳು ನಾಲ್ಕು ಜನ ಸೇರಿ, ಶಾಲೆಯ ಕೊಠಡಿಯಲ್ಲಿಯೋ ಪಂಚಾಯತಿಯ ಗ್ರಂಥಾಲಯದಲ್ಲಿಯೋ ಇಂಥ ತರಗತಿಯನ್ನು ನಡೆಸುವುದು ಸ್ತುತ್ಯವಾದ ಕೆಲಸ. ಆಗ ಅವರ ಮುಂದೆ ನಿಲ್ಲುವ ಮೊದಲ ಪ್ರಶ್ನೆ ಇದು: ಮೂವತ್ತು ಜನಕ್ಕೆ ಒಟ್ಟಿಗೆ ತೋರಿಸಲು, ಬಸ್ಸಿನಲ್ಲಿ ಊರಿಂದೂರಿಗೆ ಹೊತ್ತೊಯ್ಯಲು, ಯಾವ ಉಪಕರಣವನ್ನು ಕೊಳ್ಳಬೇಕು?

ಅಂಗೈಯಗಲದ ಪ್ರೊಜೆಕ್ಟರುಗಳು ಈಗ ಅಗ್ಗವಾಗಿ ದೊರೆಯುತ್ತವೆ. ಹಗುರ, ಚೊಕ್ಕಟ, ಚೀಲದಲ್ಲಿ ಅಡಗುವಂಥವು. ಮನಸ್ಸು ಮೊದಲು ಅತ್ತ ಹರಿಯುವುದು ಸಹಜವೇ. ಆದರೆ ತೂಕವನ್ನೂ ಬೆಲೆಯನ್ನೂ ಮೊದಲು ನೋಡಿ ಆರಿಸುವುದು ತಪ್ಪು ದಾರಿಯೆಂದು ನಮ್ಮ ಅಭಿಪ್ರಾಯ. ಕೊನೆಯ ಸಾಲಿನಲ್ಲಿ ಕುಳಿತವರು ಓದಬೇಕಾದ ಅಕ್ಷರದಿಂದ ಲೆಕ್ಕವನ್ನು ಆರಂಭಿಸಬೇಕು. ಉಪಕರಣವು ಕೊನೆಗೆ ಬರಬೇಕು.

ಏಕೆಂಬುದನ್ನು ನೋಡೋಣ. ಪ್ರೊಜೆಕ್ಟರು ಹೊರಚೆಲ್ಲುವ ಒಟ್ಟು ಬೆಳಕನ್ನು ಲ್ಯೂಮೆನ್ ಎಂಬ ಮಾನದಿಂದ ಅಳೆಯುತ್ತಾರೆ. ಅದನ್ನು ಚಿತ್ರದ ವಿಸ್ತೀರ್ಣದಿಂದ ಭಾಗಿಸಿದರೆ ಗೋಡೆಯ ಮೇಲೆ ಬಿದ್ದ ಬೆಳಕು ಲಕ್ಸ್ ಮಾನದಲ್ಲಿ ದೊರೆಯುತ್ತದೆ. 2 ಮೀಟರು ಅಗಲ, 1.25 ಮೀಟರು ಎತ್ತರದ ಚಿತ್ರದ ವಿಸ್ತೀರ್ಣ 2.5 ಚದರ ಮೀಟರು. 200 ಲ್ಯೂಮೆನ್ನಿನ ಪುಟ್ಟ ಪ್ರೊಜೆಕ್ಟರು ಅದಕ್ಕೆ ಕೊಡುವುದು 80 ಲಕ್ಸ್. 3000 ಲ್ಯೂಮೆನ್ನಿನದು 1200 ಲಕ್ಸ್. ಕಿಟಕಿಗಳನ್ನು ಅರೆ ಮುಚ್ಚಿದ ಹಗಲಿನ ಕೊಠಡಿಯಲ್ಲಿ ಗೋಡೆಯ ಮೇಲೆ ಮೊದಲೇ 200 ಲಕ್ಸ್ ಬೆಳಕಿದೆಯೆನ್ನೋಣ. ಪ್ರೊಜೆಕ್ಟರು ಬಿಳುಪನ್ನು ಚೆಲ್ಲಬಲ್ಲುದೇ ಹೊರತು ಕಪ್ಪನ್ನು ಚೆಲ್ಲಲಾರದು. ಅದು ಬೆಳಕು ಬೀರದೆ ಬಿಟ್ಟ ಎಡೆಯೇ ನಮಗೆ ಕಪ್ಪಾಗಿ ತೋರಬೇಕು. ಆದುದರಿಂದ ಪುಟ್ಟ ಪ್ರೊಜೆಕ್ಟರಿನ ‘ಕರಿಯ’ ಅಕ್ಷರ 200 ಲಕ್ಸ್, ಬಿಳಿಯ ಹಿನ್ನೆಲೆ 280 ಲಕ್ಸ್. ಎರಡಕ್ಕೂ ಇರುವ ಅಂತರ ಒಂದೂವರೆ ಪಟ್ಟೂ ಇಲ್ಲ! ದೊಡ್ಡದರಲ್ಲಿ ಇದೇ ಅಂತರವು 200ಕ್ಕೆ 1400, ಎಂದರೆ ಏಳು ಪಟ್ಟು. ಮೊದಲನೆಯದು ಮಂಜಿನೊಳಗಿನ ಬರಹ. ಎರಡನೆಯದು ಕಾಗದದ ಮೇಲಿನ ಬರಹ.

ಹಾಗಾದರೆ ಪುಟ್ಟ ಪ್ರೊಜೆಕ್ಟರು ನಿಷ್ಪ್ರಯೋಜಕವೆ? ಅಲ್ಲ. ಚಿತ್ರದ ಅಗಲವನ್ನು ಅರ್ಧಕ್ಕೆ ಇಳಿಸಿದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಆದರೆ ಅಕ್ಷರವೂ ಅರ್ಧವಾಗುತ್ತದೆ. ಇದಕ್ಕಿಂತ ಒಳ್ಳೆಯ ಉಪಾಯವೊಂದುಂಟು. ಕತ್ತಲೆಯಾದ ಮೇಲೆ ದೀಪಗಳನ್ನು ಆರಿಸಿದಾಗ ಗೋಡೆಯ ಮೇಲೆ 10 ಲಕ್ಸ್ ಮಾತ್ರ ಉಳಿದರೆ, ಅದೇ 200 ಲ್ಯೂಮೆನ್ನಿನ ಯಂತ್ರವು 10ಕ್ಕೆ 90, ಎಂದರೆ ಒಂಬತ್ತು ಪಟ್ಟಿನ ಅಂತರವನ್ನು ಕೊಡುತ್ತದೆ. ಹಗಲಿನಲ್ಲಿ ಸೋತ ಯಂತ್ರವು ರಾತ್ರಿ ಗೆಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ಹೆಂಗಸರಿಗೆ ಬಿಡುವು ದೊರೆಯುವುದು ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆಯೇ. ಆದುದರಿಂದ ತರಗತಿಯ ಹೊತ್ತನ್ನು ಗೊತ್ತುಮಾಡುವುದು ಉಪಕರಣದ ಆಯ್ಕೆಯ ಒಂದು ಭಾಗವೇ ಆಗಿದೆ.

ಇನ್ನು ಅಕ್ಷರದ ಗಾತ್ರ. ಆರು ಮೀಟರು ದೂರದಿಂದ ಆರೋಗ್ಯವಾದ ಕಣ್ಣು ಗುರುತಿಸಬಲ್ಲ ಅತಿ ಚಿಕ್ಕ ಅಕ್ಷರದ ಎತ್ತರ ಸುಮಾರು 9 ಮಿಲಿಮೀಟರು. ಕಣ್ಣಿನ ವೈದ್ಯರ ಫಲಕದಲ್ಲಿ ಇದೇ ಅಳತೆಯುಂಟು. ಆದರೆ ಅದು ಕಣ್ಣಿನ ಪರಮಾವಧಿ. ಆಯಾಸವಿಲ್ಲದೆ ಓದಲು ಅದರ ಮೂರರಷ್ಟಾದರೂ, ಎಂದರೆ ಎರಡೂವರೆ ಸೆಂಟಿಮೀಟರಾದರೂ, ಬೇಕು. ಕನ್ನಡಕ್ಕೆ ಇದೂ ಸಾಲದು. ನಮ್ಮ ಒತ್ತಕ್ಷರವು ಮೂಲ ಅಕ್ಷರದ ಅರ್ಧದಷ್ಟಿರುತ್ತದೆ. ಆ ಒತ್ತು ಕಾಣದಿದ್ದರೆ ಕತ್ತೆಯು ಕತೆಯಾಗುತ್ತದೆ. ‘ರ’ ಮತ್ತು ‘ಠ’ಗಳಿಗೆ, ‘ಧ’ ಮತ್ತು ‘ಥ’ಗಳಿಗೆ ಒಳಗಿನ ಒಂದು ಚುಕ್ಕೆಯೇ ಭೇದ. ಆದುದರಿಂದ ಒತ್ತಿಗೆ ಎರಡೂವರೆ ಸೆಂಟಿಮೀಟರೆಂದು ಹಿಡಿದು, ಮೂಲ ಅಕ್ಷರವನ್ನು ಐದು ಸೆಂಟಿಮೀಟರಿಗೆ ಏರಿಸಬೇಕು. ಒತ್ತಿಗೂ ನಡುವಣ ತೆರಪಿಗೂ ಸೇರಿ ಸಾಲಿಗೆ ಹತ್ತು ಸೆಂಟಿಮೀಟರು ಬಿಟ್ಟರೆ ನಮ್ಮ ಚಿತ್ರದಲ್ಲಿ ಹಿಡಿಯುವುದು ಹನ್ನೆರಡು ಸಾಲುಗಳು ಮಾತ್ರ. ಕಂಪ್ಯೂಟರಿನ ಪಟ್ಟಿಗಳಲ್ಲಿ ತಾನಾಗಿ ಮೂಡುವ ಅಕ್ಷರವು ಇದೇ ಗೋಡೆಯ ಮೇಲೆ ಒಂದೂವರೆ ಸೆಂಟಿಮೀಟರಿನಷ್ಟೂ ಇರುವುದಿಲ್ಲ. ಎಷ್ಟು ಬೆಲೆಯ ಪ್ರೊಜೆಕ್ಟರೂ ಇದನ್ನು ಸರಿಪಡಿಸಲಾರದು. ತೆರೆಯ ಭಾಗವನ್ನು ಹಿಗ್ಗಿಸಿ ತೋರಿಸುವ ಸೌಕರ್ಯವು ಕಂಪ್ಯೂಟರಿನಲ್ಲಿಯೇ ಇದೆ. ಕಲಿಸುವವನು ಅದನ್ನು ಮೊದಲು ಅಭ್ಯಾಸಮಾಡಿಕೊಳ್ಳಬೇಕು.

ಅಕ್ಷರ ಮಸುಕಾದರೇನು, ಊಹಿಸಿ ಓದಬಹುದಲ್ಲ ಎಂದು ಕೆಲವರು ಹೇಳಬಹುದು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಓದುವ ಅಕ್ಷರ ಕನ್ನಡ. ಆಡದ ಮಾತನ್ನು ಊಹಿಸಿ ಓದುವುದು ಸುಲಭವಲ್ಲ. ಮೇಲಾಗಿ, ಹತ್ತಿರದ ನೋಟ ಮಂದವಾದ ನಲವತ್ತು ದಾಟಿದವರಿಗೆ ಕೈಯ ಮೊಬೈಲಿಗಿಂತ ದೂರದ ಗೋಡೆಯೇ ಅನುಕೂಲ. ಇಂಥವರು ಕೊನೆಯ ಸಾಲಿನಲ್ಲಿ ಕುಳಿತು ಕಾಣದಿದ್ದಾಗ ‘ಕಾಣುತ್ತಿಲ್ಲ’ ಎಂದು ಎದ್ದು ಹೇಳುವುದಿಲ್ಲ. ‘ಇದು ನಮ್ಮಂಥವರ ತಲೆಗೆ ಹತ್ತುವುದಲ್ಲ’ ಎಂದುಕೊಂಡು ಮರುದಿನ ಬರುವುದನ್ನೇ ಬಿಡುತ್ತಾರೆ. ಬೆಳಕಿನ ದೋಷವನ್ನು ಬುದ್ಧಿಯ ದೋಷವೆಂದು ಅವರು ತಿಳಿಯುವಂತೆ ಮಾಡುವುದು ಅನ್ಯಾಯ. ನಮ್ಮ ವಾದದ ತಿರುಳು ಇದೇ.

ಆದುದರಿಂದ ನಮ್ಮ ಸಲಹೆ ಹೀಗಿದೆ. ಗ್ರಂಥಾಲಯದಲ್ಲಿಯೋ ಶಾಲೆಯಲ್ಲಿಯೋ ದೊಡ್ಡ ಟೆಲಿವಿಷನ್ ಇದ್ದರೆ ಅದನ್ನೇ ಬಳಸಿರಿ. ಒಂದು ತಂತಿಯನ್ನು ಒಯ್ದರೆ ಸಾಕು. 43 ಅಂಗುಲದ ತೆರೆಯು ಹಗಲಿನಲ್ಲಿಯೂ ಸ್ಪಷ್ಟ. ಆದರೆ ಅದರ ಅಗಲ ಒಂದು ಮೀಟರಿಗೂ ಕಡಮೆಯಾದುದರಿಂದ, ಹತ್ತು ಹನ್ನೆರಡು ಜನರನ್ನು ಮೂರು ಮೀಟರಿನೊಳಗೆ ಕೂರಿಸಬೇಕು. ಅದನ್ನು ಬಸ್ಸಿನಲ್ಲಿ ಹೊತ್ತು ತಿರುಗುವುದು ಮಾತ್ರ ಜಾಣತನವಲ್ಲ. ಹಗಲಿನಲ್ಲಿಯೇ ತರಗತಿ ನಡೆಯಬೇಕಾದರೆ 3000 ಲ್ಯೂಮೆನ್ನಿನ, ಸುಮಾರು ಮೂರು ಕಿಲೋಗ್ರಾಂ ತೂಗುವ ಪ್ರೊಜೆಕ್ಟರನ್ನು ನಾಲ್ಕು ತಾಲ್ಲೂಕುಗಳ ಮಿತ್ರರು ಕೂಡಿ ಒಂದನ್ನು ಕೊಳ್ಳಲಿ. ಕೋಲಾರದಿಂದ ಉಳಿದ ಮೂರು ಊರುಗಳೂ 25–30 ಕಿಲೋಮೀಟರಿನ ಆಸುಪಾಸಿನಲ್ಲಿವೆ. ವಾರಕ್ಕೊಂದು ಊರಿನಂತೆ ಅದು ಸುತ್ತಬಹುದು. ಅದಕ್ಕೆ ಬೇಕಾಗುವ ವಿದ್ಯುತ್ತು 250ರಿಂದ 300 ವ್ಯಾಟು. ಕರೆಂಟು ಹೋದರೂ ಶಾಲೆಯ ಯು.ಪಿ.ಎಸ್. ಬ್ಯಾಟರಿ ಒಳ್ಳೆಯ ಸ್ಥಿತಿಯಲ್ಲಿದ್ದರೆ ಎರಡು ಗಂಟೆ ನಡೆಯುತ್ತದೆ. ಹಣವಿಲ್ಲದವರು ಪುಟ್ಟದನ್ನೇ ಕೊಂಡು ರಾತ್ರಿ ತರಗತಿ ಮಾಡಲಿ. ಪರದೆಗಾಗಿ ಖರ್ಚು ಬೇಡ. ಸುಣ್ಣ ಬಳಿದ ಗೋಡೆಗಿಂತ ಅಗ್ಗವೂ ಯೋಗ್ಯವೂ ಆದ ಪರದೆ ಬೇರೆಯಿಲ್ಲ.

ಕೊಳ್ಳುವಾಗ ಒಂದು ಎಚ್ಚರಿಕೆ. ಡಬ್ಬಿಯ ಮೇಲೆ ಅಚ್ಚಾದ ಸಂಖ್ಯೆಗಳೆಲ್ಲವೂ ಒಂದೇ ರೀತಿ ಅಳೆದವಲ್ಲ. ಅನ್ಸಿ ಎಂದೋ ಐ.ಎಸ್.ಒ. 21118 ಎಂದೋ ಕ್ರಮವನ್ನು ಸೂಚಿಸಿರುವ ಲ್ಯೂಮೆನ್ನನ್ನು ಮಾತ್ರ ನಂಬಿರಿ. ಇದಕ್ಕಿಂತಲೂ ನೇರವಾದ ಪರೀಕ್ಷೆ ಬೇರೊಂದುಂಟು. ಕತೆ, ಕತ್ತೆ, ರ, ಠ, ಧ, ಥ ಇವನ್ನು ತೆರೆಯ ಮೇಲೆ ಬರೆದು, ಆರು ಮೀಟರು ಹಿಂದೆ ಒಂದು ಕುರ್ಚಿ ಹಾಕಿ, ಅಜ್ಜಿಯನ್ನೋ ಅತ್ತೆಯನ್ನೋ ಕೂರಿಸಿ ಓದಿಸಿರಿ. ಅವರು ತಡವರಿಸದೆ ಓದಿದರೆ ಯಂತ್ರವು ತೇರ್ಗಡೆಯಾಯಿತು. ಓದಲಾಗದಿದ್ದರೆ ನಪಾಸಾದುದು ಯಂತ್ರವೇ, ಅಜ್ಜಿಯಲ್ಲ.