ಸ್ಟುಡಿಯೋ ಕೀಲಿ ಯಾರ ಕೈಯಲ್ಲಿದೆ?

ಚಿತ್ರಕಲೆಯಲ್ಲಿ ಎಂ.ವಿ.ಎ. ಮಾಡುತ್ತೇನೆ ಅಂದಾಗ ನಮ್ಮ ತಿಮ್ಮಾಪುರದ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, ‘ಬಣ್ಣಾ ಹಚ್ಚೂದು ಕಲಿಯಾಕ ಇನ್ನೂ ಎರಡು ವರ್ಷ ಬೇಕೇನೋ ತಮ್ಮಾ?’ ಎಂದು ಕೇಳಿದ್ದರು. ಆಗ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅದನ್ನು ನನಗಲ್ಲ, ವಿಶ್ವವಿದ್ಯಾಲಯಗಳಿಗೆ ಕೇಳಬೇಕಿತ್ತು.

ಎರಡು ವರ್ಷ ಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಪದವಿಯ ವರ್ಷಗಳು ಕೈ ಪಳಗಿಸುವುದರಲ್ಲೇ ಮುಗಿಯುತ್ತವೆ. ಪಳಗಿದ ಕೈ ಏನನ್ನು ಮಾಡಬೇಕು ಎಂದು ಹುಡುಕುವ ಕಾಲವೇ ಸ್ನಾತಕೋತ್ತರ. ಅದಕ್ಕೆ ಒಂದು ಕೋಣೆ ಬೇಕು, ಸಮಯ ಬೇಕು, ಕೆಲಸ ನಡೆಯುವಾಗಲೇ ಪಕ್ಕದಲ್ಲಿ ನಿಂತು ನೋಡುವ ಗುರು ಬೇಕು. ನಾನು ಓದಿದ ಕಡೆ ಸಂಜೆ ಐದೂವರೆಗೆ ಸ್ಟುಡಿಯೋಗೆ ಬೀಗ ಬೀಳುತ್ತಿತ್ತು. ಹಗಲಿನ ಅರ್ಧವನ್ನು ತರಗತಿಗಳು ತಿನ್ನುತ್ತಿದ್ದವು. ಪ್ಯಾಲೆಟ್ಟಿನ ಮೇಲೆ ಬಣ್ಣ ಹಸಿಯಾಗಿರುವಾಗಲೇ ನಾವು ಹೊರಗೆ.

ಕೆಲಸದ ಬೆಲೆ ಗೊತ್ತಿರುವವರು ಹೀಗೆ ಮಾಡುವುದಿಲ್ಲ. ಪಕ್ಕದ ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಮಲಗುವ ಜಾಗದ ಪಕ್ಕದಲ್ಲೇ ಮಗ್ಗ ಇರುತ್ತದೆ. ಹಂಗಾಮಿನಲ್ಲಿ ಕಬ್ಬು ನುರಿಸಲು ಶುರುಮಾಡಿದ ಕಾರ್ಖಾನೆ ಸಂಜೆಯಾಯಿತೆಂದು ನಿಲ್ಲುವುದಿಲ್ಲ. ಚಿತ್ರ ಬರೆಯುವವನಿಗೆ ಮಾತ್ರ ಆಫೀಸಿನ ವೇಳೆ!

ಅಂತಿಮ ಮೌಲ್ಯಮಾಪನಕ್ಕೆ ನಾನಿಟ್ಟಿದ್ದು ರವದಿ ಸುಟ್ಟ ಮೇಲೆ ಕಬ್ಬಿನ ಹೊಲ ಕಾಣುವ ಕಪ್ಪು. ಪರೀಕ್ಷಕರು ‘ನಿಮ್ಮ ಕಾನ್ಸೆಪ್ಟ್ ಏನು?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ತಡವರಿಸಿದೆ. ಆ ಕಪ್ಪನ್ನು ಟ್ಯೂಬಿನಿಂದ ತೆಗೆದೆನೋ, ನಮ್ಮ ಹೊಲದ ಬೂದಿ-ಇದ್ದಲು ಅರೆದು ಮಾಡಿದೆನೋ ಎಂದು ಒಬ್ಬರೂ ಕೇಳಲಿಲ್ಲ. ಅದನ್ನು ಕೇಳಿದ್ದರೆ ಒಂದು ತಾಸು ಮಾತಾಡುತ್ತಿದ್ದೆ. ಅವರು ನನ್ನ ಬಾಯಿ ನೋಡಿದಷ್ಟು ನನ್ನ ಕ್ಯಾನ್ವಾಸ್ ನೋಡಲಿಲ್ಲ.

ತಪ್ಪು ಆ ಪರೀಕ್ಷಕರೊಬ್ಬರದೇ ಅಲ್ಲ, ಏಣಿಯೇ ಹಾಗಿದೆ. ಕಲಿಸುವ ಕೆಲಸ ಬೇಕೆಂದರೆ ನಮಗಿರುವ ರೂಢಿಯ ದಾರಿ ನೆಟ್. ದೃಶ್ಯಕಲೆಗೂ ಅದೇ ಎರಡು ಪತ್ರಿಕೆ, 150 ಬಹು ಆಯ್ಕೆ ಪ್ರಶ್ನೆ, 3 ಗಂಟೆ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಒಂದು ಗೆರೆಯನ್ನೂ ಎಳೆಯಬೇಕಿಲ್ಲ. ಎರಡನೇ ವರ್ಷಕ್ಕೆ ಬರುತ್ತಿದ್ದಂತೆ ನನ್ನ ಗೆಳೆಯರು ಈಸಲ್ ಮಡಚಿಟ್ಟು ಗೈಡು ಹಿಡಿದದ್ದು ಸೋಮಾರಿತನದಿಂದಲ್ಲ.

‘ಹಾಗಾದರೆ ಕಲಾವಿದ ಓದುವುದು, ಬರೆಯುವುದು ಬೇಡವೇ?’ ಎಂದು ಕೇಳುವವರಿದ್ದಾರೆ. ಬೇಕು. ಬರೋಡಾ ಮತ್ತು ಶಾಂತಿನಿಕೇತನದಲ್ಲಿ ಕಲಿಸಿದ ಕೆ.ಜಿ. ಸುಬ್ರಹ್ಮಣ್ಯನ್ ಚಿತ್ರ ಬರೆದರು, ಭಿತ್ತಿಚಿತ್ರ ಮಾಡಿದರು, ಆಟಿಕೆ ಮಾಡಿದರು, ಕಲೆಯ ಬಗ್ಗೆ ಪುಸ್ತಕಗಳನ್ನೂ ಬರೆದರು. ಕೈಯಿಂದ ಮಾಡಿ ಕಂಡುಕೊಂಡದ್ದು ಆ ಬರಹದಲ್ಲಿದೆ. ನಮ್ಮಿಂದ ಬರೆಸುವ ಪ್ರಬಂಧ ಬೇರೆ ಜಾತಿಯದು. ಹಳೆಯ ಪ್ರಬಂಧಗಳಿಂದ ಎತ್ತಿ, ಟೈಪು ಮಾಡಿಸಿ, ರೆಕ್ಸಿನ್ ಹೊದಿಸಿ ಕೊಟ್ಟರೆ ಮುಗಿಯಿತು. ಇದನ್ನು ಸಿದ್ಧಾಂತ ಎಂದು ಕರೆಯುವುದು ಸಿದ್ಧಾಂತಕ್ಕೇ ಅವಮಾನ.

ಮಾಡಿದ ಕೆಲಸವೂ ವಿದ್ಯೆ ಎಂದು ಯುಜಿಸಿಯೇ ಒಪ್ಪಿದೆ. ಪದವಿಯ ಜೊತೆ ಒಳ್ಳೆಯ ವೃತ್ತಿಸಾಧನೆ, ಐದು ವರ್ಷದ ಪ್ರದರ್ಶನ-ಕಾರ್ಯಾಗಾರಗಳ ದಾಖಲೆ ಇರುವ ಕಲಾವಿದರನ್ನು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪರಿಗಣಿಸಲು ಅದರ 2018ರ ನಿಯಮಗಳಲ್ಲಿ ಅವಕಾಶವಿದೆ. ಕಲಿಸುವವರ ಕೆಲಸವನ್ನು ಹಾಗೆ ಅಳೆಯಬಹುದಾದರೆ, ಕಲಿಯುವವರದನ್ನು ಯಾಕೆ ಅಳೆಯಬಾರದು?

ನಾನು ಕೇಳುವುದು ಹೆಚ್ಚೇನಲ್ಲ. ಸ್ಟುಡಿಯೋ ಕೀಲಿ ವಿದ್ಯಾರ್ಥಿಗಳ ಕೈಗೆ ಬರಲಿ. ವೈವಾ ಮೇಜಿನ ಮುಂದೆ ಬೇಡ, ಚಿತ್ರದ ಮುಂದೆ ನಡೆಯಲಿ, ಬೇಕೆಂದವರಿಗೆ ಕನ್ನಡದಲ್ಲಿ ನಡೆಯಲಿ. ಪ್ರಬಂಧ ತನ್ನದೇ ಕೆಲಸ ಹುಟ್ಟಿದ ಬಗೆಯನ್ನು ಹೇಳಲಿ: ಯಾವ ಬಣ್ಣ ಯಾಕೆ, ಯಾವ ಚಿತ್ರ ಎಲ್ಲಿ ಕೆಟ್ಟಿತು, ಮತ್ತೆ ಹೇಗೆ ಕಟ್ಟಿದೆ.

ಮೊನ್ನೆ ಮುಧೋಳದ ಕಡೆಯ ಹುಡುಗಿಯೊಬ್ಬಳು, ಎಂ.ವಿ.ಎ.ಗೆ ಯಾವ ಕಡೆ ಅರ್ಜಿ ಹಾಕಲಿ ಎಂದು ಕೇಳಿದಳು. ಹೆಸರು, ರ‍್ಯಾಂಕು ನೋಡಬೇಡ ಅಂದೆ. ಫೋನು ಮಾಡಿ ಒಂದೇ ಮಾತು ಕೇಳು: ರಾತ್ರಿ ಎಷ್ಟು ಗಂಟೆಯ ತನಕ ಸ್ಟುಡಿಯೋ ತೆಗೆದಿರುತ್ತದೆ?