ನೀರು ಕಂದು ಬಣ್ಣಕ್ಕೆ ತಿರುಗಿದರೆ ಅದರಲ್ಲಿ ವಿಷವಿದೆಯೇ? ವೈರಲ್ ವಿಡಿಯೋದ ಹಿಂದಿನ ರಸಾಯನಶಾಸ್ತ್ರ

ಒಂದು ಲೋಟದಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ಫಿಲ್ಟರ್ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಸಿ ಸ್ವಿಚ್ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ನಲ್ಲಿ ನೀರು ಕಂದಾಗಿ ಕೊಳೆ ತೇಲುತ್ತದೆ, ಫಿಲ್ಟರ್ ನೀರು ಹಾಗೇ ಇರುತ್ತದೆ. 'ನೀವು ದಿನಾ ಕುಡಿಯುವ ವಿಷ ನೋಡಿ' ಎಂಬ ಒಕ್ಕಣೆಯ ಇಂಥ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಇದು ನಿಜವೇ?

ಆ ಕೊಳೆ ಎಲ್ಲಿಂದ ಬಂತು?

ಬಹುಪಾಲು ಆ ಕಡ್ಡಿಯಿಂದಲೇ. ಇಂಥ ಉಪಕರಣದಲ್ಲಿ ಸಾಮಾನ್ಯವಾಗಿ ಒಂದು ಕಡ್ಡಿ ಕಬ್ಬಿಣದ್ದು. ವಿದ್ಯುತ್ ಹರಿದಾಗ ಕಬ್ಬಿಣ ಕರಗಿ ನೀರಿಗಿಳಿದು ತುಕ್ಕಿನಂಥ ಕೆಸರಾಗುತ್ತದೆ. ವಿದ್ಯುತ್ ಹರಿಯಲು ನೀರಿನಲ್ಲಿ ಅಯಾನುಗಳು, ಅಂದರೆ ಕರಗಿದ ಲವಣಗಳ ವಿದ್ಯುದಾವೇಶವುಳ್ಳ ಕಣಗಳು ಬೇಕು. ಆರ್‌ಒ ನೀರಿನಲ್ಲಿ ಅವು ತೀರಾ ಕಡಿಮೆ, ಹಾಗಾಗಿ ಕಡ್ಡಿ ಕರಗುವುದಿಲ್ಲ. ಅದೇ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿದರೆ ಅದೂ ಕಂದಾಗುತ್ತದೆ. (ಮನೆಯಲ್ಲಿ ಮಾಡಿ ನೋಡಬೇಡಿ, ಕರೆಂಟ್ ಹೊಡೆಯುವ ಅಪಾಯವಿದೆ.)

ಟಿಡಿಎಸ್ ಮೀಟರ್ ಸಾಕಲ್ಲವೇ?

ಸಾಲದು. ಮೀಟರ್ ನೀರಿನ ವಿದ್ಯುತ್ ವಾಹಕತೆ ಅಳೆದು, ಕರಗಿದ ಲವಣ ಒಟ್ಟು ಎಷ್ಟಿರಬಹುದು ಎಂದು ಅಂದಾಜಿಸುತ್ತದೆ. ಯಾವ ಲವಣ ಎಂದು ಹೇಳುವುದಿಲ್ಲ. ಪೊಟ್ಯಾಸಿಯಂ ಹೆಚ್ಚಿರುವ ಎಳನೀರಿಗೆ ಹಿಡಿದರೆ ಅದು ಸಾವಿರಗಳ ಲೆಕ್ಕ ತೋರಿಸುತ್ತದೆ!

ಹಾಗಾದರೆ ಅಯಾನು ಗುರುತಿಸುವುದು ಹೇಗೆ?

ಪಿಯುಸಿ ಲ್ಯಾಬಿನ ಲವಣ ವಿಶ್ಲೇಷಣೆ ನೆನಪಿದೆಯೇ? ಮೊದಲು ನೈಟ್ರಿಕ್ ಆಮ್ಲ, ನಂತರ ಸಿಲ್ವರ್ ನೈಟ್ರೇಟ್. ಮೊಸರಿನಂಥ ಬಿಳಿ ಗಷ್ಟು ಬಂದು, ಅದು ಅಮೋನಿಯಾದಲ್ಲಿ ಕರಗಿದರೆ ಕ್ಲೋರೈಡ್ ಇದೆ ಎಂದರ್ಥ. ಆಮ್ಲ ಮೊದಲೇಕೆ? ಕಾರ್ಬೋನೇಟ್ ಕೂಡ ಬಿಳಿ ಗಷ್ಟು ಕೊಡುತ್ತದೆ, ಆಮ್ಲ ಅದನ್ನು ಮೊದಲೇ ತೆಗೆದುಹಾಕುತ್ತದೆ. ಬಣ್ಣ ಬಂದರಷ್ಟೇ ಸಾಲದು, ಅದೇ ಬಣ್ಣ ಕೊಡುವ ಬೇರೆ ವಸ್ತು ಅಲ್ಲಿಲ್ಲ ಎಂಬುದೂ ಖಚಿತವಾಗಬೇಕು. ವಿಡಿಯೋದಲ್ಲಿ ಇಲ್ಲದಿರುವುದು ಇದೇ.

ಜ್ವಾಲೆ ಪರೀಕ್ಷೆಯಲ್ಲೂ ಹೀಗೆಯೇ. ಸೋಡಿಯಂನ ಹಳದಿ ಬಣ್ಣ ಪೊಟ್ಯಾಸಿಯಂನ ತಿಳಿ ನೇರಳೆಯನ್ನು ಮುಚ್ಚಿಬಿಡುತ್ತದೆ. ಕಣ್ಣಿನ ಈ ಮಿತಿಯನ್ನು ಉಪಕರಣ ಮೀರುತ್ತದೆ. 1860ರಲ್ಲಿ ಜರ್ಮನಿಯ ಬುನ್ಸೆನ್ ಮತ್ತು ಕಿರ್ಖಾಫ್ ಜ್ವಾಲೆಯ ಬೆಳಕನ್ನು ಪಟ್ಟಕದಿಂದ ಬಿಡಿಸಿ ನೋಡಿ, ಡರ್ಕ್‌ಹೈಮ್ ಊರಿನ ಖನಿಜಯುಕ್ತ ನೀರಿನಲ್ಲಿ ಸೀಸಿಯಂ ಎಂಬ ಹೊಸ ಧಾತುವನ್ನೇ ಕಂಡುಹಿಡಿದರು. ಇಂದು ಅದೇ ತತ್ವದ ಉಪಕರಣಗಳು ಲೀಟರ್ ನೀರಿನಲ್ಲಿ ಮಿಲಿಗ್ರಾಂನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಆರ್ಸೆನಿಕ್ ಇದ್ದರೂ ಪತ್ತೆ ಹಚ್ಚುತ್ತವೆ.

ನಮಗೆ ಇದು ಏಕೆ ಮುಖ್ಯ?

ಪಾವಗಡ, ಮುಂಡರಗಿಯಂಥ ಕಡೆ ಬೋರ್‌ವೆಲ್ ನೀರಿನ ನಿಜವಾದ ಸಮಸ್ಯೆ ಫ್ಲೋರೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲ್ವರ್ ನೈಟ್ರೇಟ್ ಹಾಕಿದರೂ ಗಷ್ಟು ಬರುವುದಿಲ್ಲ. ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಈ ಒಂದೆರಡು ಮಿಲಿಗ್ರಾಂ ವ್ಯತ್ಯಾಸ, ನೂರಾರು ತೋರಿಸುವ ಟಿಡಿಎಸ್ ಮೀಟರಿಗೆ ತಿಳಿಯುವುದೇ ಇಲ್ಲ. ಆದರೆ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆ, ಕೀಲು ಬಿಗಿಯುತ್ತವೆ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ಇದನ್ನು ಪತ್ತೆ ಮಾಡಲು ಬಣ್ಣ ಬದಲಾಗುವ ವಿಶೇಷ ದ್ರಾವಣದ ಕಿಟ್ ಇದೆ, ನಿಖರ ಅಳತೆಗೆ ಫ್ಲೋರೈಡನ್ನೇ ಗುರುತಿಸುವ ಎಲೆಕ್ಟ್ರೋಡ್ ಇದೆ.

ನೀವು ಏನು ಮಾಡಬಹುದು?

ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಾ ಕಿಟ್ ಇದೆಯೇ ಎಂದು ವಿಚಾರಿಸಿ, ಅಥವಾ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕೊಡಿ. ವರದಿಯಲ್ಲಿ ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಎಂದು ಬೇರೆ ಬೇರೆ ಅಂಕಿ ಇರಬೇಕು. ವಿಡಿಯೋ ಫಾರ್ವರ್ಡ್ ಮಾಡುವ ಮುನ್ನ ಇಷ್ಟು ಕೇಳಿಕೊಳ್ಳಿ: ಯಾವ ಅಯಾನು, ಲೀಟರಿಗೆ ಎಷ್ಟು, ಯಾವ ಪರೀಕ್ಷೆಯಿಂದ ಗೊತ್ತಾಯಿತು?